ಒಂದೂವರೆ ಪಟ್ಟು ಬೆಲೆಯ ಟ್ರೇಲರ್

ಕಳೆದ ಶುಕ್ರವಾರ ನಾನು ಕಾಗವಾಡದಿಂದ ಅಥಣಿಯವರೆಗೆ ಟ್ರ್ಯಾಕ್ಟರಿನ ಟ್ರೇಲರ್‌ನಲ್ಲಿ ಅಂಗಾತ ಮಲಗಿಕೊಂಡು ಬಂದೆ.

ಕುಳಿತು ಅಲ್ಲ, ನಿಂತು ಅಲ್ಲ, ಮಲಗಿಕೊಂಡು. ಕೆಳಗೆ ಉಸುಕಿನ ಚೀಲ, ಅದರ ಮೇಲೆ ಹುಲ್ಲು, ಹುಲ್ಲಿನ ಮೇಲೆ ಒಂದು ಗಾದಿ, ಗಾದಿಯ ಮೇಲೆ ನಿಮ್ಮ ಈ ಅಂಕಣಕಾರ. ಮೇಲೆ ಆಷಾಢದ ಮೋಡ.

ದಾರಿಯಲ್ಲಿ ಗೆಳೆಯ ಬಾಳು ಒಂದು ಚಹಾದಂಗಡಿಯ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದ. ಮುದುಕರೊಬ್ಬರು ಬಂದು ಟ್ರೇಲರ್‌ನೊಳಗೆ ಇಣುಕಿದರು. ಟೋಪಿ ತೆಗೆದರು. ಕೈ ಮುಗಿದರು.

"ಯಾವೂರದಪಾ ಹೆಣಾ?"

"ಅಲಖನೂರದ್ರಿ ಅಜ್ಜಾರ. ಆದ್ರ ಇನ್ನೂ ಜೀವ ಐತ್ರಿ. ವಾದಾ ಮಾಡ್ತೈತಿ," ಅಂದ ಬಾಳು.

ನಾನು ಎದ್ದು ಕುಳಿತೆ. ಮುದುಕರು ಎರಡು ಹೆಜ್ಜೆ ಹಿಂದೆ ಸರಿದರು.

ನಗಬೇಡಿ. ಓದಿ ಮುಗಿಸಿದ ಮೇಲೆ ಬೇಕಾದರೆ ನಗಿ.

ಬಾಳು ಕಾಗವಾಡದ ಮಿಸ್ತ್ರಿಯ ಟ್ರೇಲರ್ ಕೊಳ್ಳಲು ಹೊರಟಿದ್ದ. ರಾಯಬಾಗ, ಅಥಣಿ ಕಡೆಯ ಓದುಗರಿಗೆ ಆ ಟ್ರೇಲರ್ ಬಗ್ಗೆ ಹೇಳಬೇಕಾಗಿಲ್ಲ. ಉಳಿದವರಿಗಾಗಿ ಎರಡು ಮಾತು. ಅದರ ಹಿಂದಿನ ಹಲಗೆಯ ಮೇಲೆ ಗರಿ ಬಿಚ್ಚಿದ ನವಿಲಿನ ಚಿತ್ರ ಇರುತ್ತದೆ. ಅದರ ಬೆಲೆ ಸಾದಾ ಟ್ರೇಲರ್‌ನ ಒಂದೂವರೆ ಪಟ್ಟು. ಪಂಢರಪುರಕ್ಕೆ, ಚಿಂಚಲಿಗೆ, ಮದುವೆಯ ದಿಬ್ಬಣಕ್ಕೆ ಮನೆಮಂದಿಯೆಲ್ಲ ಅದರಲ್ಲಿ ಕುಳಿತು ಹೋದರೆ ಆಚೀಚೆಯವರು ತಿರುಗಿ ನೋಡಲೇಬೇಕು. ಕನ್ಯೆ ನೋಡಲು ಬಂದವರು "ಟ್ರೇಲರ್ ಯಾವುದ್ರಿ?" ಎಂದು ಕೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ. "ಮಿಸ್ತ್ರಿದ್ರಿ" ಎಂದರೆ ಅರ್ಧ ಮಾತುಕತೆ ಮುಗಿದಂತೆ. ಇಷ್ಟೆಲ್ಲ ಬೆಲೆ ಕೊಟ್ಟು ತಂದವರು ಅದರಲ್ಲಿ ಗೊಬ್ಬರ ಹೇರುವುದಿಲ್ಲ. (ಗೊಬ್ಬರಕ್ಕೆ ಪಕ್ಕದ ಮನೆಯ ಟ್ರೇಲರ್ ಬಾಡಿಗೆಗೆ ತರುತ್ತಾರೆ. ಸುಳ್ಳಲ್ಲ.)

ಇಂಥ ಮರುಳಿಗೆ ನನ್ನ ವಿರೋಧ ಇವತ್ತಿನದಲ್ಲ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ಹೆಸರಿಗೆ ದುಡ್ಡು ಕೊಡುವವರನ್ನು ಕಂಡರೆ ನಾಲಗೆ ತುರಿಸುತ್ತದೆ. ಬಾಳು ನನ್ನನ್ನು ಕರೆದೊಯ್ದದ್ದೂ ಅದಕ್ಕೇ. "ಲೇ ವಕೀಲಾ, ನೀನೂ ಬಾ. ಮಿಸ್ತ್ರಿ ಜೋಡಿ ಮಾತಾಡಾಕ ಬಾಯಿ ಇದ್ದಾಂವ ಒಬ್ಬಾಂವ ಬೇಕು."

ಮಿಸ್ತ್ರಿ ವೆಲ್ಡಿಂಗ್ ಮಾಡುತ್ತಿದ್ದರು. ನಾನು ನೇರವಾಗಿ ಕೇಳಿದೆ: "ಮಿಸ್ತ್ರಿಯವರ, ಈ ಬೆಲಿದಾಗ ಕಬ್ಬಿಣದ್ದೆಷ್ಟು, ನವಿಲಿಂದೆಷ್ಟು?"

ಅವರು ಕಪ್ಪು ಗಾಜು ಮೇಲೆತ್ತಿ ನನ್ನನ್ನು ನೋಡಿದರು. "ನವಿಲ ಫುಕಟ್ ಐತ್ರಿ. ನಾ ರೊಕ್ಕಾ ತಗೊಳ್ಳೂದು ಪಾಟಾಕ್ಕ."

ಪಾಟಾ ಎಂದರೆ ಲಾರಿಗಳಿಗೆ ಇರುತ್ತದಲ್ಲ, ಒಂದರ ಮೇಲೊಂದು ಜೋಡಿಸಿದ ಬಾಗಿದ ಉಕ್ಕಿನ ಪಟ್ಟಿಗಳು, ಅದು. ನೆಲದ ಏಟನ್ನು ತಾನು ನುಂಗಿ ಮೇಲಿರುವುದನ್ನು ಕಾಯುತ್ತದೆ. ನಮ್ಮ ಕಡೆಯ ಅಗ್ಗದ ಟ್ರೇಲರ್‌ಗಳಿಗೆ ಅದು ಇರುವುದಿಲ್ಲ. ಚಕ್ರ ತಗ್ಗಿಗೆ ಬಿದ್ದರೆ ಆ ಏಟು ಸೀದಾ ಮೇಲಕ್ಕೆ.

"ನಿಮ್ದು ಯಾವೂರ್ರಿ?" ಮಿಸ್ತ್ರಿ ಕೇಳಿದರು.

"ಅಲಖನೂರ."

"ಹೌದಾ? ನಿಮ್ಮೂರವರೊಬ್ರು ಬರ್ತಿದ್ರಲ್ಲ, ಮೂರ ವರ್ಷದ ಹಿಂದ. ಎಡಗೈಯಾಗ ಒಂದ ಬಳ್ಳ ಇರಲಿಲ್ಲ ಅವರಿಗಿ."

ಎಡಗೈಯಲ್ಲಿ ಒಂದು ಬೆರಳು ಇಲ್ಲದವರು ನಮ್ಮೂರಿನಲ್ಲಿ ಒಬ್ಬರೇ. ನನ್ನ ಅಪ್ಪ. ಆದರೆ ನಾನು ಹೇಳಲಿಲ್ಲ. "ಏನಂತ ಬರ್ತಿದ್ರು?" ಎಂದೆ.

"ಮೂರ ಸಲ ಬಂದ್ರು ನೋಡ್ರಿ. ಎಲ್ಲಾರೂ ಬಂದ ನವಿಲ ನೋಡ್ತಾರ, ಬಣ್ಣಾ ನೋಡ್ತಾರ. ಇವರು ಮೊದಲನೇ ಸಲ ಬರೇ ಬೆಲಿ ಕೇಳಿ ಹ್ವಾದ್ರು, ಎರಡನೇ ಸಲ ಟ್ರೇಲರ್‌ದಾಗ ಹತ್ತಿ ಮಲ್ಕೊಂಡ್ರು. ಟ್ರ್ಯಾಕ್ಟರ್ ಹಚ್ಚಿ ಹಿಂಗ ಜಗ್ರಿ ಅಂದ್ರು. ಜಗ್ಗಿಸಿದೆ. ಇಳದ ಸ್ವಂಟಾ ಹಿಡ್ಕೊಂಡು, ಎತ್ತಿ ಒಗಿತೈತಲ್ರೀ ಅಂದ್ರು. ಖಾಲಿ ಟ್ರೇಲರ್ ಹಂಗs ಜಿಗಿತೈತ್ರಿ, ಪಾಟಾ ಮೆತ್ತಗಾಗಬೇಕಂದ್ರ ಮ್ಯಾಲ ವಜ್ಜಾ ಬೇಕು, ಕೆಳಗ ಉಸುಕಿನ ಚೀಲಾ ಹಾಕ್ರಿ, ಮ್ಯಾಲ ಹುಲ್ಲ ಹಾಸ್ರಿ ಅಂದೆ. ಮರುವಾರ ಮತ್ತ ಬಂದ್ರು. ಚೀಲಾ ಹಾಕಿ ಮಲ್ಕೊಂಡ್ರು. ಹಾಂ, ಈಗ ಬರೋಬರಿ ಅಂದ್ರು. ಯಾರ ಸಲುವಾಗಿ ಅಂತ ಕೇಳಿದ್ರ ಹೇಳಲಿಲ್ಲ. ಸೋಮವಾರ ಅಣ್ಣನ್ನ ಕರ್ಕೊಂಡ ಬರ್ತೀನಿ ಅಂತ ಹ್ವಾದ್ರು. ಬರಲೇ ಇಲ್ಲ. ಏನಾತೋ ಏನೋ."

ಏನಾಯಿತೆಂದು ನನಗೆ ಗೊತ್ತಿತ್ತು. ನಾನು ಅಡ್ಡ ಬಂದಿದ್ದೆ.

ಇಲ್ಲಿ ಅವ್ವನ ವಿಷಯ ಹೇಳಬೇಕು. ಒಂಬತ್ತು ವರ್ಷದ ಹಿಂದೆ ಅವ್ವ ಬಣವೆಯ ಮೇಲಿಂದ ಬಿದ್ದು ಸೊಂಟ ಮುರಿದುಕೊಂಡಳು. ಈಗ ಮನೆಯೊಳಗೆ ನಡೆಯುತ್ತಾಳೆ, ರೊಟ್ಟಿ ಬಡಿಯುತ್ತಾಳೆ, ನನ್ನನ್ನು ಬಯ್ಯುತ್ತಾಳೆ. ಆದರೆ ಗಾಡಿಯಲ್ಲಿ ಕುಳಿತು ಹೋಗಬಾರದು, ಏಟು ಬೀಳಬಾರದು ಎಂದು ಮಿರಜಿನ ಡಾಕ್ಟರು ಹೇಳಿದ್ದಾರೆ. ಒಮ್ಮೆ ಹಟ ಹಿಡಿದು ಬಸ್ಸಿನಲ್ಲಿ ತವರಿಗೆ ಹೊರಟಳು. ಚಿಕ್ಕೋಡಿ ಮುಟ್ಟುವಷ್ಟರಲ್ಲಿ ಮುಖ ಬೆಳ್ಳಗಾಗಿತ್ತು. ವಾಪಸು ತಂದು ಮಲಗಿಸಿದರೆ ಒಂದು ತಿಂಗಳು ಏಳಲಿಲ್ಲ.

ಅವಳ ತವರು ಸದಲಗಾ. ದೂಧಗಂಗೆಯ ದಂಡೆ. ಪಂಚಮಿ ಹಬ್ಬಕ್ಕೆ ನಾಲ್ವರು ಅಕ್ಕತಂಗಿಯರೂ ಅಲ್ಲಿ ಸೇರುತ್ತಿದ್ದರು. ಈಗ ಮೂವರು ಸೇರುತ್ತಾರೆ. ಬೇವಿನ ಮರಕ್ಕೆ ಜೋಕಾಲಿ ಕಟ್ಟುತ್ತಾರೆ. ಹೊಳೆ ತುಂಬಿದ್ದರೆ ಜೀಕಿದಾಗ ಮೇಲಿನಿಂದ ಆಚೆಯ ದಂಡೆ ಕಾಣುತ್ತದಂತೆ. ಇದು ಅವ್ವ ಹೇಳಿದ್ದು. ನೂರು ಸಲ ಹೇಳಿದ್ದು. ಆ ಕಡೆಯಿಂದ ಯಾರೇ ಬರಲಿ, ಬಳೆಗಾರ ಬರಲಿ, ಬಸ್ ಕಂಡಕ್ಟರ್ ಬರಲಿ, ಅವಳದು ಒಂದೇ ಪ್ರಶ್ನೆ: "ಹೊಳಿ ಎಷ್ಟ ಬಂದೈತ್ರಿ?" ನಮ್ಮ ಹೊಲಕ್ಕೂ ಆ ಹೊಳೆಗೂ ಸಂಬಂಧವಿಲ್ಲ. ಆದರೂ ಅವ್ವನಿಗೆ ಲೆಕ್ಕ ಬೇಕು. "ಹೋದ ವರ್ಸ ಇಷ್ಟೊತ್ತಿಗಿ ಕಟ್ಟಿ ಮುಳಗಿತ್ತಂತ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ತವರಿನಿಂದ ಕರೆ ಬಾರದೆ ಹೆಣ್ಣುಮಕ್ಕಳು ಪಂಚಮಿಗೆ ಹೋಗುವಂತಿಲ್ಲ. ಅದಕ್ಕೆ ಅವಳ ತಮ್ಮ, ನನ್ನ ಮಾಮಾ, ಪ್ರತಿ ವರ್ಷ ಬರುತ್ತಿದ್ದ. ಅಂಗಳದಲ್ಲಿ ನಿಂತು, "ಅಕ್ಕಾ, ಪಂಚಮಿಗಿ ಕರಿಯಾಕ ಬಂದೀನಿ, ನಡಿ" ಎನ್ನುತ್ತಿದ್ದ. "ಮುಂದಿನ ವರ್ಸ ಬರ್ತೀನಿ ಬಾ ತಮ್ಮಾ" ಎನ್ನುತ್ತಿದ್ದಳು. ಅವನು ಉಂಡು, ಶೇಂಗಾ ಉಂಡಿಯ ಡಬ್ಬಿ ತೆಗೆದುಕೊಂಡು, ಒಬ್ಬನೇ ಬಸ್ ಹತ್ತುತ್ತಿದ್ದ.

ಈಗ ಮೂರು ವರ್ಷದ ಹಿಂದಿನ ಆ ದಿನ. ಮನೆಗೆ ಹೊಸ ಟ್ರೇಲರ್ ತರುವ ಮಾತು. ಪಡಸಾಲೆಯಲ್ಲಿ ದೊಡ್ಡಪ್ಪ ಕುಳಿತಿದ್ದ. ಮನೆಯ ಯಜಮಾನ ಅವನೇ. ಅಕ್ಕಪಕ್ಕದ ನಾಲ್ಕು ಮಂದಿ ಬಂದಿದ್ದರು. ಅಪ್ಪ ಮಿಸ್ತ್ರಿಯ ಟ್ರೇಲರ್ ಬೇಕೆಂದ.

"ಯಾಕ ಬೇಕು?" ದೊಡ್ಡಪ್ಪ ಕೇಳಿದ.

"ಹೆಸರ ಐತಿ," ಅಂದ ಅಪ್ಪ.

ಎಂಥ ದುರ್ಬಲ ವಾದ! ಆ ವಾರವೇ ಚಿಕ್ಕೋಡಿಯಲ್ಲಿ ಶೀಲ್ಡ್ ಗೆದ್ದು ಬಂದಿದ್ದ ನಾನು ಸುಮ್ಮನಿರುತ್ತೇನೆಯೇ? ಹೆಸರಿನಿಂದ ಕಬ್ಬು ಹೆಚ್ಚು ತೂಗುತ್ತದೆಯೇ ಎಂದು ಕೇಳಿದೆ. ಅಪ್ಪ ತಡವರಿಸಿದ. ಮುಂದೆ ಮಾರಿದರೆ ಬೆಲೆ ಬರುತ್ತದೆ ಎಂದ. ಮಾರಲಿಕ್ಕೆ ಕೊಳ್ಳುತ್ತೇವೋ, ಬಳಸಲಿಕ್ಕೋ ಎಂದೆ. ನೋಡಲು ಚಂದ ಎಂದ. ಟ್ರೇಲರ್ ನೋಡುವವರು ಹಿಂದೆ ಬರುವವರು, ನಾವಲ್ಲ ಎಂದೆ. ಎಲ್ಲರೂ ನಕ್ಕರು. ಕೊನೆಗೆ ಅವನ ದನಿ ಇಳಿಯಿತು.

"ಪಾಟಾ ಇರ್ತೈತಿ. ಧಕ್ಕಾ ಹತ್ತೂದಿಲ್ಲ."

ನಾನು ಕಾಯುತ್ತಿದ್ದದ್ದು ಅದಕ್ಕೇ. "ಅಪ್ಪಾ, ಹೇರೂದು ಕಬ್ಬು. ಕಬ್ಬಿಗೇನ ಸ್ವಂಟಾ ನೋಯ್ತೈತೇನು?"

ಪಡಸಾಲೆ ಬಿದ್ದು ಬಿದ್ದು ನಕ್ಕಿತು. ದೊಡ್ಡಪ್ಪ ತೊಡೆ ತಟ್ಟಿದ. ಒಳಗಿನಿಂದ ಅವ್ವ ನಕ್ಕದ್ದೂ ಕೇಳಿಸಿತು. ಮಗ ಜಾಣ ಅಲ್ಲವೇ?

ಅಪ್ಪ ಮಾತ್ರ ಟೋಪಿ ಸರಿ ಮಾಡಿಕೊಂಡು, "ಆತ್ ಬಿಡ್ರಿ, ಸಾದಾದ್ದ ತರೂಣು" ಎಂದು ಎದ್ದು ಹೋದ.

ನನ್ನ ಪ್ರಶ್ನೆಗೆ ಅವನ ಹತ್ತಿರ ಉತ್ತರ ಇತ್ತು. ಹೇಳಿದ್ದರೆ ನಾನು ಆ ಕ್ಷಣವೇ ಸೋಲುತ್ತಿದ್ದೆ. ಆದರೆ ಅಣ್ಣನ ಎದುರು, ಓಣಿಯವರ ಎದುರು, "ನನ್ನ ಹೇಂತಿ ಮಲ್ಕೊಂಡ ತವರಮನಿಗಿ ಹೋಗಲಿ ಅಂತ" ಎಂದು ಹೇಳುವ ಗಂಡಸು ನಮ್ಮ ಕಡೆ ಇದ್ದಾನೆಯೇ? ಇದ್ದರೆ ತೋರಿಸಿ. (ಕಾರು ಬಾಡಿಗೆಗೆ ತರಬಹುದಿತ್ತಲ್ಲ ಎನ್ನುವಿರಿ. ನಮ್ಮ ಮನೆಗೆ ಕಾರು ಬಂದದ್ದು ಮದುಮಕ್ಕಳಿಗೆ ಮಾತ್ರ. ಸೊಸೆ ತವರಿಗೆ ಹೋಗಲು ಕಾರು ಎಂದರೆ ಊರೆಲ್ಲ ಒಂದು ವರ್ಷ ಆಡಿಕೊಳ್ಳುತ್ತಿತ್ತು. ಮೇಲಾಗಿ ಕಾರಿನಲ್ಲಿ ಉದ್ದಕ್ಕೆ ಮಲಗಲು ಜಾಗ ಎಲ್ಲಿ?) ಟ್ರೇಲರ್ ಆದರೆ ಯಾರೂ ಕೇಳುವುದಿಲ್ಲ. ಕಬ್ಬಿನ ಬೀಜ ತರಲು ಆ ಕಡೆ ಹೊರಟಿದೆ, ಇವಳೂ ಬರುತ್ತಾಳೆ. ಅಷ್ಟೇ.

ಅದಕ್ಕಾಗಿ ಅವನು ಮೂರು ಸಲ ಕಾಗವಾಡಕ್ಕೆ ಹೋಗಿ, ಗಟ್ಟಿಮುಟ್ಟಾದ ತನ್ನ ಸೊಂಟದ ಮೇಲೆ ಅವಳ ನೋವನ್ನು ಅಂದಾಜು ಮಾಡಿ ಬಂದಿದ್ದ.

ಮಿಸ್ತ್ರಿ ಮಾತು ಮುಗಿಸಿದಾಗ ನಾನು ಬಾಳುಗೆ, "ತಗೋಳೋ ಮಾರಾಯಾ" ಎಂದೆ. ಅವನಿಗೆ ಆಶ್ಚರ್ಯ. "ಏನಲೇ, ವಾದಾ ಮುಗೀತಾ?" ಆಮೇಲೆ ಉಸುಕಿನ ಚೀಲ ಹಾಕಿಸಿದೆ. ಹುಲ್ಲು ಹಾಸಿದೆ. ಮಲಗಿದೆ. ಆ ರಸ್ತೆಯ ತಗ್ಗುಗಳು ನಿಮಗೂ ಗೊತ್ತು. ಬೆನ್ನಿನ ಕೆಳಗೆ ಪಾಟಾ ಕಿರುಗುಟ್ಟುತ್ತಿತ್ತು, ಮೈ ಮೆಲ್ಲಗೆ ತೂಗುತ್ತಿತ್ತು. ಏಟು ಬರಲಿಲ್ಲ. ಮೋಡ ನೋಡುತ್ತ ಮಲಗಿದವನಿಗೆ ಒಂದು ಕ್ಷಣ ಜೋಕಾಲಿ ಎಂದರೆ ಹೀಗೇ ಇರಬಹುದು ಅನಿಸಿತು.

ಹಾಗಾದರೆ ಆ ಬೆಲೆ ಸರಿಯೇ? ಕಬ್ಬಿಗೆ ಸರಿಯಲ್ಲ. ನವಿಲಿಗೆ, ಹೆಸರಿಗೆ, ಬೀಗರ ಮುಂದಿನ ಗತ್ತಿಗೆ ಖಂಡಿತ ಸರಿಯಲ್ಲ. ನನ್ನ ಆ ದಿನದ ಒಂದೊಂದು ವಾದವನ್ನೂ ಇವತ್ತೂ ಗೆಲ್ಲಬಲ್ಲೆ. ಸಮಸ್ಯೆ ಅದೇ. ಬಾಯಿಬಿಟ್ಟು ಹೇಳಬಹುದಾದ ಕಾರಣಗಳನ್ನಷ್ಟೇ ನಾವು ತೂಗುತ್ತೇವೆ. ಹೇಳಲಾಗದ್ದು ಟೋಪಿ ಸರಿ ಮಾಡಿಕೊಂಡು ಎದ್ದು ಹೋಗುತ್ತದೆ.

ಅಂದು ಸಂಜೆ ಊಟಕ್ಕೆ ಕುಳಿತಾಗ ದೊಡ್ಡಪ್ಪನಿಗೆ ನೇರ ಹೇಳಿಬಿಟ್ಟೆ. "ಬಾಳೂನ ಟ್ರೇಲರ್‌ದಾಗ ಅವ್ವನ್ನ ಸದಲಗಾಕ್ಕ ಕರ್ಕೊಂಡ ಹೋಗ್ತೀನಿ. ಪಂಚಮಿಗಿ. ಮಲಗಿಸ್ಕೊಂಡ."

ಜಗಳಕ್ಕೆ ನಾಲ್ಕು ಉತ್ತರ ಸಿದ್ಧ ಮಾಡಿಟ್ಟುಕೊಂಡಿದ್ದೆ. ಬೇಕಾಗಲೇ ಇಲ್ಲ.

"ಹೋಗ್ರಿ. ಬ್ಯಾಡ ಅಂದವರ್ಯಾರು?" ಅಂದ ದೊಡ್ಡಪ್ಪ. ರೊಟ್ಟಿ ಮುರಿಯುತ್ತ ಮುರಿಯುತ್ತ, "ಆವಾಗs ಒಂದ ಮಾತ ಹೇಳಿದ್ರ ಮಿಸ್ತ್ರಿದs ತರ್ತಿದ್ವಲ್ಲೋ" ಎಂದ.

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ.

ನಾನು ಅಡುಗೆಮನೆಗೆ ಓಡಿದೆ. ಅವ್ವ ಎಲ್ಲ ಕೇಳಿಸಿಕೊಂಡಿದ್ದಳು. ಕಣ್ಣುಗಳು ಹೊಳೆಯುತ್ತಿದ್ದವು. ಒಲೆಯ ಬೆಂಕಿ ಹಿಂದಕ್ಕೆ ಎಳೆದಳು, ಸೆರಗು ಸರಿ ಮಾಡಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು.

"ಕರಿಯಾಕ ಯಾರ ಬಂದಾರೋ ಯಪ್ಪಾ?"

ನನಗೆ ಆಗ ಹೊಳೆಯಿತು. ಹೋದ ವರ್ಷ ಮಾಮಾ ಬಂದಿರಲಿಲ್ಲ. ನಾನು ಗಮನಿಸಿಯೇ ಇರಲಿಲ್ಲ. ಅವಳು ಉಂಡಿ ಕಟ್ಟಿ, ಡಬ್ಬಿ ತುಂಬಿ, ನಾಲ್ಕು ದಿನ ಕಾದಿದ್ದಳಂತೆ.

"ಮರತಿರಬೇಕವ್ವಾ."

"ಮರತಿಲ್ಲ. ಎಷ್ಟ ವರ್ಸ ಅಂತ ಕರೀತಾನ ಅಂವಾ? ಬರೂದು, ನಾ ಒಲ್ಲೆ ಅನ್ನೂದು, ಹೊಳ್ಳಿ ಹೋಗೂದು. ಅಂವಗೂ ಸಂಕಟ."

"ನಾಳೆನ ಹೋಗಿ ಮಾಮಾಗ ಹೇಳಿ ಬರ್ತೀನಿ."

ಅವ್ವ ನನ್ನ ಕೈ ಹಿಡಿದಳು. "ಹೋಗಬ್ಯಾಡ. ನನ್ನ ಆಣಿ ಐತಿ. ಹೋಗಿ ಕೇಳಿ ಕರಿಸ್ಕೊಂಡ್ರ ಅದು ಕರದಂಗ ಆಗೂದಿಲ್ಲ."

ಊರೂರು ವಾದ ಗೆದ್ದು ಬಂದವನು ಒಲೆಯ ಮುಂದೆ ಕುಳಿತು ಬೆರಳು ಮಡಚಿ ಎಣಿಸಿದೆ. ಟ್ರೇಲರ್ ಇದೆ. ಪಾಟಾ ಇದೆ. ಉಸುಕು, ಹುಲ್ಲು, ಗಾದಿ ಎಲ್ಲ ಇದೆ. ದೊಡ್ಡಪ್ಪನ ಹೂಂ ಸಹ ಇದೆ. ಅಂಗಳದಲ್ಲಿ ನಿಂತು ಆಡಬೇಕಾದ ಒಂದೇ ಒಂದು ಮಾತು ಇಲ್ಲ.

ಆಣೆ ಆಣೆಯೇ. ಹೋಗಬೇಡ ಅಂದಿದ್ದಾಳೆ, ಹೋಗುವುದಿಲ್ಲ. ಕೇಳಬೇಡ ಅಂದಿದ್ದಾಳೆ, ಕೇಳುವುದಿಲ್ಲ. ಬರೆಯಬೇಡ ಅಂದಿಲ್ಲ.

ಸದಲಗಾದ ಬಸ್ ಸ್ಟ್ಯಾಂಡಿನ ಪಕ್ಕದ ಕಟಿಂಗ್ ಅಂಗಡಿಗೆ ಈ ಪತ್ರಿಕೆ ಬೆಳಗಿನ ಮೊದಲ ಬಸ್ಸಿಗೆ ಬರುತ್ತದೆ. ಅಲ್ಲಿಗೆ ವಾರಕ್ಕೊಮ್ಮೆ ದಾಡಿ ಮಾಡಿಸಲು ಬರುವ ಒಬ್ಬರು, ಅಳಿಯ ಬರೆದದ್ದು ಎಂದು ಎಲ್ಲರಿಗೂ ತೋರಿಸಿ ಈ ಅಂಕಣ ಓದುತ್ತಾರೆಂದು ಕೇಳಿದ್ದೇನೆ.

ನಾನೇನೂ ಕೇಳುತ್ತಿಲ್ಲ, ಮಾಮಾ. ಪಂಚಮಿಗೆ ಇನ್ನು ಒಂಬತ್ತು ದಿನ ಉಳಿದಿವೆ ಎಂದರೆ, ಅದು ಕೇಳಿದಂತೆ ಆಗುತ್ತದೆಯೇ?