ಹತ್ತಿ ಗೋದಾಮಿನ ಅಪಾಯ ಭತ್ಯೆ

“ಇಲ್ಲಿ ಎಂಥಾ ಅಪಾಯ ಐತಲೇ ಮಲ್ಲಪ್ಪ? ಹತ್ತಿ ಮೆತ್ತಗ ಇರತೈತಿ” ಎಂದು ಮ್ಯಾನೇಜರು ನಗುತ್ತಿದ್ದರು. ಅಣ್ಣಿಗೇರಿ ಕಡೆಯ ಜಿನ್ನಿಂಗ್ ಮಿಲ್ಲೊಂದಕ್ಕೆ ನಮ್ಮ ಹೊಲದ ಹತ್ತಿ ಹಾಕಿ, ತೂಕದ ಚೀಟಿಗೆ ಸಹಿ ಕೇಳುತ್ತ ನಾನು ಅವರ ಹಿಂದೆ ಗೋದಾಮಿಗೆ ಹೋಗಿದ್ದೆ. ಹಮಾಲ ಮಲ್ಲಪ್ಪನಿಗೆ ಕೆಲವು ತಿಂಗಳು ಅಪಾಯ ಭತ್ಯೆ ತಪ್ಪಾಗಿ ಪಗಾರದಲ್ಲಿ ಸೇರಿತ್ತಂತೆ. ಅದನ್ನೆಲ್ಲ ಈ ತಿಂಗಳ ಪಗಾರದಲ್ಲಿ ಮುರಿದುಕೊಳ್ಳುತ್ತೇವೆ ಎಂದು ಹೇಳಲು ಅವರು ಬಂದಿದ್ದರು.

“ಆ ರೊಕ್ಕ ಮಗಳ ಕಾಲೇಜಿಗೆ ಕಟ್ಟೇನ್ರಿ ಸಾಹೇಬ್ರ. ಪೂರಾ ಪಗಾರ ಮುರಿದ್ರ ಉಣ್ಣೂದೇನ್ರಿ?” ಎನ್ನುತ್ತಿದ್ದ ಮಲ್ಲಪ್ಪ ತಟ್ಟನೆ ಮಾತು ನಿಲ್ಲಿಸಿ, ಒಂದೊಂದು ಕೈಯಲ್ಲಿ ನಮ್ಮಿಬ್ಬರನ್ನೂ ಗೋಡೆಗೆ ಎಳೆದ. ಕಬ್ಬಿಣದ ಪಟ್ಟಿ ಬಿಗಿದ ಹತ್ತಿ ಬೇಲುಗಳ ಒಟ್ಟಲು ಕುಸಿದು, ನಾವು ನಿಂತಿದ್ದ ಜಾಗದ ಮೇಲೆಯೇ ಬಿತ್ತು.

ಧೂಳು ಇಳಿದ ಮೇಲೆ ಮ್ಯಾನೇಜರು ಒಂದು ತಂಬಿಗೆ ನೀರು ಕುಡಿದರು.

“ಈಗರ ಭತ್ಯೆ ಇರಲಿ ಅಂತ ಬರೀರಿ” ಎಂದ ಮಲ್ಲಪ್ಪ.

“ನಿನಗೇನೂ ಆಗಿಲ್ಲಲ್ಲೋ. ಆಗಿದ್ರ ನೋಡಬಹುದಿತ್ತು.”

ರೊಕ್ಕ ಮುರಿದೇ ಮುರಿದರಂತೆ. ಕಣ್ಣು ಮುಚ್ಚಿದರೆ ಆ ಒಟ್ಟಲು ಇನ್ನೂ ನನ್ನ ಮೇಲೆ ವಾಲುತ್ತದೆ. ಮೊನ್ನೆ ಮತ್ತೆ ಹೋದಾಗ ಮ್ಯಾನೇಜರು ಏನೂ ಅಪಾಯವಿಲ್ಲದ ಆ ಗೋದಾಮಿಗೆ ಕಾಲಿಡಲಿಲ್ಲ, ಮಲ್ಲಪ್ಪನನ್ನು ಬಾಗಿಲಿಗೇ ಕರೆಸಿ ಮಾತಾಡಿದರು. ನಾನೂ ಅವರ ಬಾಜುವಿನಲ್ಲೇ ನಿಂತಿದ್ದೆ.