ಆಸಿಡ್ ಎಂದರೆ ಹುಳಿ

ಮಂಗಳವಾರ ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ಕಚೇರಿಗೆ ಹೋಗಲು ಕಾರವಾರದ ಮೋಟಾರು ಬಸ್ಸು ಬರಲು ಇನ್ನೂ ಸ್ವಲ್ಪ ಹೊತ್ತಿದೆ ಎಂದು ಗಡಿಯಾರ ನೋಡುತ್ತ, ಅಂಕೋಲೆಯ ನಮ್ಮ ಮನೆಯ ಜಗಲಿಯಲ್ಲಿ ನಿಂತು ಕೋಟಿನ ಗುಂಡಿ ಹಾಕಿಕೊಳ್ಳುತ್ತಿದ್ದೆ. ಒಳಕೋಣೆಯಿಂದ ಒಂದು ಕೆಮ್ಮು ಕೇಳಿಸಿತು. ಆಮೇಲೆ ನಿಲ್ಲದ ಕೆಮ್ಮು. ಆಮೇಲೆ ಕೆಮ್ಮೂ ಇಲ್ಲ.

ಆ ಕೆಮ್ಮಿಲ್ಲದ ಗಳಿಗೆಯನ್ನು ನಾನು ಈಗಲೂ ದಿನಕ್ಕೆ ಹತ್ತು ಸಲ ಕೇಳುತ್ತೇನೆ.

ಬಾಗಿಲು ತೆರೆದೆ. ಕಣ್ಣಿಗೆ ಮೆಣಸಿನ ಪುಡಿ ಎರಚಿದಂತಾಯಿತು. ನನ್ನ ತಂಗಿ ಸುಮತಿ, ಎಂಟು ತಿಂಗಳ ಬಸುರಿ, ಗೋಡೆಗೆ ಒರಗಿ ಬಾಯಿ ತೆರೆದು ಉಸಿರು ಹುಡುಕುತ್ತಿದ್ದಳು. ಪಕ್ಕದಲ್ಲಿ ಮಗುಚಿದ ತಂಬಿಗೆ. ಕಂಕುಳಿಗೆ ಕೈ ಹಾಕಿ ಎಳೆದು ಅಂಗಳಕ್ಕೆ ತಂದೆ. ಮೋಟಾರು ಬಂತು, ಹೋಯಿತು.

ಇಷ್ಟಕ್ಕೆಲ್ಲ ಕಾರಣ ಒಂದು ಬೆಕ್ಕು. (ಹೀಗೆ ಹೇಳಿ ಕೈತೊಳೆದುಕೊಳ್ಳಬಹುದಿತ್ತು. ಆದರೆ ಕಾರಣ ನಾನು.)

ಅಕ್ಕಿಮುಡಿಗೆ ಇಲಿ ಬೀಳುತ್ತದೆಂದು ಸಾಕಿದ ಬೆಕ್ಕು ಅದು. ಇಲಿಗಳನ್ನು ಹಿಡಿಯಿತು, ಸುಳ್ಳು ಹೇಳಬಾರದು. ಆದರೆ ಒಳಕೋಣೆಯ ಕಂಬದ ಬುಡವನ್ನು ತನ್ನ ಪಾಯಖಾನೆ ಮಾಡಿಕೊಂಡಿತು. ನಮ್ಮ ತಾಯಿ, ಆಯಿ, ವಾರಕ್ಕೆರಡು ಸಲ ಸಗಣಿ ಸಾರಿಸುತ್ತಿದ್ದಳು. ನೆಲ ಒದ್ದೆಯಾದಾಗಲೆಲ್ಲ ಹಳೆಯ ಉಚ್ಚೆಯ ನಾತ ಎದ್ದು ಬರುತ್ತಿತ್ತು. ಹೆರಿಗೆಗೆಂದು ತವರಿಗೆ ಬಂದ ಸುಮತಿಗೆ ಅದೇ ಕೋಣೆ. ಬಾಗಿಲಿರುವುದು ಅದೊಂದಕ್ಕೇ.

"ಅಣ್ಣಾ, ಈ ಕೋಣೆಲಿ ಹೆತ್ರೆ ಮಗೂಗೆ ಮೀಸೆ ಬರ್ತದೆ ನೋಡು" ಎಂದು ಮೂಗು ಮುಚ್ಚಿಕೊಂಡು ನಗುತ್ತಿದ್ದಳು. ನಕ್ಕ ಮೇಲೆ ಹಿತ್ತಿಲಿಗೆ ಓಡಿ ವಾಂತಿ ಮಾಡುತ್ತಿದ್ದಳು.

ಧಾರವಾಡದಲ್ಲಿ ಕಾಲೇಜು ಓದಿದ ಅಣ್ಣ ಸುಮ್ಮನಿರಲಾದೀತೆ? ಕಾರವಾರದಿಂದ ಒಂದು ಡಬ್ಬಿ ಬ್ಲೀಚಿಂಗ್ ಪೌಡರ್ ತಂದೆ. ಕಾಲರಾ ಬಂದಾಗ ಬಾವಿಗೆ ಹಾಕುತ್ತಾರಲ್ಲ, ಅದೇ ಬಿಳಿ ಪುಡಿ. ಕಂಬದ ಸುತ್ತ ಧಾರಾಳವಾಗಿ ಹರಡಿದೆ. ಎರಡು ಅಪ್ಪಣೆಗಳನ್ನೂ ಕೊಟ್ಟೆ. ಬೆಕ್ಕು ಒಳಗೆ ಬರದಂತೆ ಬಾಗಿಲು, ಕಿಟಕಿ ಮುಚ್ಚಿಯೇ ಇರಬೇಕು. ಪುಡಿಗೆ ಆಸಿಡ್ ತಾಗಬಾರದು.

"ಆಸಿಡ್ ಇರೂಕೆ ನಮ್ಮನೆ ಎಂತಾ ಸೋನಾರನ ಅಂಗಡಿಯಾ?" ಎಂದಳು ಆಯಿ. ಆಸಿಡ್ ಇರುವುದು ಅಕ್ಕಸಾಲಿಗನ ಹತ್ತಿರ ಮಾತ್ರ ಎಂದು ಅವಳ ತಿಳುವಳಿಕೆ.

ನಾನೂ ನಕ್ಕೆ.

ಈಗ ನಾತ ಎರಡಾಯಿತು, ಬೆಕ್ಕಿನದೊಂದು, ಪುಡಿಯದೊಂದು. ನಮ್ಮ ಕಡೆ ಹೆಂಗಸರು ಎಷ್ಟು ತೊಳೆದರೂ ಹೋಗದ ನಾತಕ್ಕೆ ಏನು ಮಾಡುತ್ತಾರೆ? ಮೀನು ಹೆಚ್ಚಿದ ಕೈಗೆ, ಕಿಲುಬು ಹಿಡಿದ ಹಿತ್ತಾಳೆ ಹಂಡೆಗೆ ಏನು ಹಾಕುತ್ತಾರೆ? ಮುರುಗಲ ಹುಳಿ, ಅಂದರೆ ಕೋಕಂ ಹಣ್ಣಿನ ಒಣಸಿಪ್ಪೆ, ನೆನೆಸಿದ ನೀರು. ಆಯಿ ಗಟ್ಟಿಯಾಗಿ ಒಂದು ತಂಬಿಗೆ ಕಿವುಚಿದಳು. ಆಯಿಗೆ ಬಗ್ಗಿದರೆ ಸೊಂಟ ನೋವು. "ಕೊಡು ಆಯಿ, ನಾನೇ ಹಾಕ್ತೆ" ಎಂದು ಸುಮತಿ ಒಳಗೆ ಹೋದಳು. ಅಣ್ಣನ ಅಪ್ಪಣೆಯಂತೆ ಬಾಗಿಲು ಮುಚ್ಚಿಕೊಂಡಳು.

ಬ್ಲೀಚಿಂಗ್ ಪೌಡರಿಗೆ ಆಸಿಡ್ ಸೇರಿದರೆ ಕ್ಲೋರಿನ್ ಬರುತ್ತದೆ. ಇಂಟರ್ ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೇನೆ. ಮಹಾಯುದ್ಧದಲ್ಲಿ ಸಿಪಾಯಿಗಳನ್ನು ಕೊಂದ ಗಾಳಿ ಅದು. ಆದರೆ ಮುರುಗಲ ಹುಳಿಯೂ ಒಂದು ಆಸಿಡ್ಡೇ ಎಂಬುದು ಆ ಬೆಳಿಗ್ಗೆಯವರೆಗೆ ನನ್ನ ತಲೆಗೆ ಹೊಳೆದಿರಲಿಲ್ಲ. ಆಸಿಡ್ ಕಾಲೇಜಿನಲ್ಲಿತ್ತು, ಹುಳಿ ಅಡುಗೆಮನೆಯಲ್ಲಿತ್ತು.

ಡಾಕ್ಟರು ಬಂದು ಎದೆಗೆ ಕೊಳವೆ ಇಟ್ಟು ಕೇಳಿದರು. ಗಾಳಿಯಲ್ಲಿ ಕೂರಿಸಿ, ಸುಧಾರಿಸುತ್ತಾಳೆ ಎಂದರು. ಮಗು? "ಅಲುಗಾಡಿದರೆ ಹೇಳಿಕಳಿಸಿ."

ಹನ್ನೆರಡಾಯಿತು. ಎರಡಾಯಿತು. ಸುಮತಿ ಹೊಟ್ಟೆಯ ಮೇಲಿಂದ ಕೈ ತೆಗೆಯಲಿಲ್ಲ. ನಾಲ್ಕರ ಹೊತ್ತಿಗೆ ಅವಳು ಒಮ್ಮೆಲೇ ಕೂಗಿದಳು: "ಒದ್ದ!"

"ಒದೀಲಿ. ಹೊರಗೆ ಬಂದು ಮಾವಂಗೇ ಒದೀಲಿ" ಎಂದಳು ಆಯಿ. ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು. "ಆಸಿಡ್ ಅಂದ್ರೆ ಹುಳಿ ಅಂತ ಹೇಳೂಕೆ ನಿಂಗೆ ಬಾಯಿ ಇರ್ಲಿಲ್ಯಾ ತಮಾ?"

ಬಾಯಿ ಇತ್ತು. ಮಾತು ಗೊತ್ತಿರಲಿಲ್ಲ.

ಆ ರಾತ್ರಿಯಿಂದ ಮನೆಯಲ್ಲಿ ನಿದ್ದೆಯಿಲ್ಲ. ಸುಮತಿ ಜಗಲಿಯಲ್ಲಿ ಮಲಗುವಳು. ಅವಳು ಕೆಮ್ಮಿದರೆ ನಾವು ಏಳುವೆವು, ಕೆಮ್ಮದಿದ್ದರೂ ಏಳುವೆವು. "ಆ ಕೋಣೆಗೆ ನಾನು ಕಾಲಿಡೂದಿಲ್ಲ" ಎಂದುಬಿಟ್ಟಳು. ಹೆರಿಗೆಗೆ ಒಂದೇ ತಿಂಗಳು. ನಾನು ಕಚೇರಿಗೆ ರಜೆ ಬರೆದೆ. ಆ ನೆಲವನ್ನು ಸರಿಮಾಡದೆ ಕೋಟು ತೊಡುವುದಿಲ್ಲ ಎಂದು ನಿಶ್ಚಯಿಸಿದೆ.

ಊರಿನಲ್ಲಿ ಮಣ್ಣಿನ ನೆಲ ಮಾಡುವ ದೇವಮ್ಮ ಬಂದಳು. ಕಂಬದ ಬುಡವನ್ನು ಮೂಸಿದಳು, ನನ್ನನ್ನು ನೋಡಿದಳು.

"ಒಡ್ಯಾ, ನೀವು ಮೇಲೆ ಮೇಲೆ ತೊಳೀತ್ರಿ. ಅದು ಅಡೀಲಿ ಕೂತ್ಕಂಡು ನಗ್ತದೆ. ಪಿಕಾಸಿ ತನ್ನಿ."

ಬಾಗಿಲು, ಕಿಟಕಿ ಎರಡನ್ನೂ ತೆರೆದಿಟ್ಟು ಗುರುವಾರ ಅಗೆದೆವು. ನಾನು ಅಗೆಯುವುದು, ಅವಳು ಒಂದು ಹಿಡಿ ಮಣ್ಣು ಎತ್ತಿ ಮೂಸುವುದು. "ಇನ್ನೂ ಅದೆ." ಮತ್ತೆ ಅಗೆತ. "ಇನ್ನೂ ಅದೆ ಒಡ್ಯಾ, ಬೆಕ್ಕಾ ಎಮ್ಮೆಯಾ ಅದು?" ಒಂದು ಗೇಣು ಆಳಕ್ಕೆ ಹೋದ ಮೇಲೆ ಮೂಸಿ ಸುಮ್ಮನಾದಳು. ಕರಿಮಣ್ಣನ್ನೆಲ್ಲ ಪುಡಿ ಸಮೇತ ಊರಾಚೆ ಗುಂಡಿಯಲ್ಲಿ ಮುಚ್ಚಿದೆವು. ಕಂಬದ ಬುಡ ಹೆರೆದೆವು. ಮಾಡಿನ ನಾಲ್ಕು ಹಂಚು ತೆಗೆದು, ಮೂರು ದಿನ ಹೊಂಡಕ್ಕೆ ಬಿಸಿಲು ಬಿಟ್ಟೆವು. (ಅವಸರ ಮಾಡಬೇಡಿ. ಹಸಿ ಇದ್ದರೆ ಪಟ್ಟ ಶ್ರಮವೆಲ್ಲ ಹಾಳು.) ಆಮೇಲೆ ಹೊಸ ಕೆಮ್ಮಣ್ಣು ತುಂಬಿ ಹಲಗೆಯಿಂದ ಬಡಿದೆವು. ತೆಂಗಿನ ಗೆರಟೆಯ ಮಸಿ ಅರೆದು ಸಗಣಿಗೆ ಕಲಸಿ ಸಾರಿಸಿದವಳು ದೇವಮ್ಮ. ನನ್ನ ಅಂಗೈಯ ಬೊಬ್ಬೆ ಇನ್ನೂ ಆರಿಲ್ಲ. ಬೆಕ್ಕಿಗೆ ಹಿತ್ತಿಲಲ್ಲಿ ಒಂದು ಪೆಟ್ಟಿಗೆ ಮರಳು ಹಾಕಿಟ್ಟಿದ್ದೇವೆ. ಮಹಾರಾಯ ಅಲ್ಲಿಗೇ ಹೋಗುತ್ತಾನೆ.

ಉಳಿದ ಪುಡಿಯ ಡಬ್ಬಿಗೆ ಕನ್ನಡದಲ್ಲಿ ಚೀಟಿ ಅಂಟಿಸಿದೆ: ಹುಳಿ ತಾಗಿಸಬಾರದು. ಹೆಮ್ಮೆಯಿಂದ ಆಯಿಗೆ ತೋರಿಸಿದೆ.

"ಇದು ಯಾರಿಗೆ ಬರ್ದದ್ದು? ನಂಗೆ ಓದೂಕೆ ಬರೂದಿಲ್ಲ ಅಲ್ದಾ?"

ಅಡುಗೆಮನೆಯಲ್ಲಿ ಅವಳ ಎದುರು ಕೂತು ಒಂದೊಂದಾಗಿ ಹೇಳಿದೆ: ಮುರುಗಲು, ಲಿಂಬೆ, ಹುಣಸೆ, ಹುಳಿಮಜ್ಜಿಗೆ. ಅವಳು ತಿರುಗಿ ಹೇಳುವವರೆಗೆ ಏಳಲಿಲ್ಲ.

ಮುಂದಿನ ಶುಕ್ರವಾರ ಸುಮತಿ ಕೋಣೆಯೊಳಗೆ ಹೋದಳು. ನೆಲಕ್ಕೆ ಕೆನ್ನೆ ತಾಗಿಸಿ ಮೂಸಿದಳು. "ಎಂತದೂ ಇಲ್ಲ ಅಣ್ಣಾ, ಮಣ್ಣಿಂದೇ ವಾಸನೆ" ಎಂದಳು. ಅಂದು ಅಲ್ಲಿಯೇ ಚಾಪೆ ಹಾಸಿದಳು. ಶನಿವಾರ ನಾವೆಲ್ಲ ಎದ್ದದ್ದು ಬಿಸಿಲು ಜಗಲಿಗೆ ಬಂದ ಮೇಲೆ.

ಈಗ ನೀವು ಹೇಳಿ: ನಿಮ್ಮ ಮನೆಯಲ್ಲಿ ಡಬ್ಬಿಯ ಮೇಲಿನ ಬರಹ ಓದುವವರೂ ನೆಲ ಒರೆಸುವವರೂ ಒಬ್ಬರೇ ಏನು?