ಹಳೆಯ ಗಾಲಿಗೆ ಹೊಸ ಹಗ್ಗ

ಮುಂಜಾನೆ ಎದ್ದ ಕೂಡಲೇ ಸದ್ದು ಮಾಡುವ ಎರಡು ವಸ್ತುಗಳು ನಮ್ಮ ಮೂಡಲಗಿಯ ಮನೆಯಲ್ಲಿದ್ದವು: ಒಂದು ಮಗನ ಹಳೆಯ ಕಾರು, ಇನ್ನೊಂದು ನನ್ನ ಮೊಣಕಾಲು. ಕೀಲಿ ತಿರುಗಿಸಿದರೆ ಸಾಕು, ತಗಡಿನ ಡಬ್ಬಿಯಲ್ಲಿ ಕಡಲೆ ಹಾಕಿ ಅಲ್ಲಾಡಿಸಿದಂತೆ ಕಾರಿನ ಹೊಟ್ಟೆಯೊಳಗೆ ಗರಗರ ಎನ್ನುವುದು, ಒಂದೆರಡು ನಿಮಿಷಕ್ಕೆ ಅಡಗುವುದು. ಮೊಣಕಾಲಿನದೂ ಅದೇ ಸಂಪ್ರದಾಯ. "ಬಿಸಿ ಆದಮ್ಯಾಲೆ ಸುಮ್ಮನಾಗತೈತಿ ಬಿಡವ್ವಾ" ಎನ್ನುತ್ತಿದ್ದ ಮಗ ಮಲ್ಲಪ್ಪ. ಎರಡಕ್ಕೂ ಅವನದು ಒಂದೇ ಔಷಧ.

ನಾನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಹುಕ್ಕೇರಿಯ ಸೊಸೆಯಾಗಿರುವ ಮೊಮ್ಮಗಳು ಗೌರಿಗೆ ಏಳು ತಿಂಗಳು ತುಂಬಿತ್ತು. ಅಲ್ಲಿ ಕುಬಸ, ಅಂದರೆ ಸೀಮಂತ, ಮುಗಿಸಿ, ಚೊಚ್ಚಲ ಹೆರಿಗೆಗೆ ಅವಳನ್ನು ಇದೇ ಕಾರಿನಲ್ಲಿ ತವರಿಗೆ ಕರೆತರಬೇಕಿತ್ತು. ದಾರಿಯಲ್ಲಿ ಕಾರು ಕೈಕೊಟ್ಟರೆ, ನೀವೇ ಹೇಳಿ, ಬಸುರಿಯನ್ನು ಕಬ್ಬಿನ ಟ್ರ್ಯಾಕ್ಟರಿನ ಮೇಲೆ ಕೂರಿಸಿ ತರುವುದೇ? ಹೀಗೆ ಕೇಳಿದ ಮೇಲೆ ಮಗ ಗೋಕಾಕದ ದಾವಲ ಮಿಸ್ತ್ರಿಯ ಗ್ಯಾರೇಜಿಗೆ ಹೊರಟ. ನಾನೂ ಹತ್ತಿ ಕುಳಿತೆ. ಯಾರೂ ಕರೆದಿರಲಿಲ್ಲ.

ಮಿಸ್ತ್ರಿ ಇಂಜಿನ್ನಿನ ಮುಚ್ಚಳ ಬಿಚ್ಚಿ ಟೈಮಿಂಗ್ ಚೈನು ತೋರಿಸಿದ. ಸೈಕಲ್ಲಿನ ಚೈನಿನ ಸೋದರ ಸಂಬಂಧಿ. ಕೆಳಗಿನ ಹಲ್ಲಿನ ಗಾಲಿ ತಿರುಗಿದಂತೆ ತಾಳ ತಪ್ಪದೆ ಮೇಲಿನದನ್ನೂ ತಿರುಗಿಸುವುದು ಅದರ ಕೆಲಸವಂತೆ. ಸಡಿಲಾಗಿ ಹಲ್ಲು ಜಿಗಿಯಿತೆಂದರೆ ಇಂಜಿನ್ನಿನ ಒಳಗಿನವು ಒಂದಕ್ಕೊಂದು ಬಡಿದು ಮುರಿಯುತ್ತವಂತೆ. ನಮ್ಮದು ಮುದುಕಿಯ ಕೈಬಳೆಯಂತೆ ಜೋತುಬಿದ್ದಿತ್ತು.

"ಚೈನ್ ಅಷ್ಟ ಹಾಕ್ರಿ ಮಿಸ್ತ್ರಿ, ಗಾಲಿ ಇನ್ನೂ ಚಲೋ ತಿರಗತಾವು" ಎಂದ ಮಲ್ಲಪ್ಪ.

ಈ ಮಾತನ್ನು ನಾನು ಮೊದಲೂ ಕೇಳಿದ್ದೆ, ಇವನ ಅಪ್ಪನ ಬಾಯಿಂದ.

ನಾನು ಈ ಮನೆಗೆ ಬಂದ ಹೊಸದರಲ್ಲಿ ಹಿತ್ತಲ ಬಾವಿಗೆ ಕಟ್ಟಿಗೆಯ ಗಾಲಿಯಿತ್ತು. ಹಗ್ಗ ಓಡಿ ಓಡಿ ಅದರ ಅಂಚು ಸೀಳಿ ಗರಗಸದಂತಾಗಿತ್ತು. ನಮ್ಮ ಯಜಮಾನರು ಗೋಕಾಕದ ಸಂತೆಯಿಂದ ಹೊಸ ಹಗ್ಗ ತಂದು ಅದೇ ಗಾಲಿಗೆ ಏರಿಸಿದರು. ಗಾಲಿಯನ್ನೂ ಬದಲಿಸಿರಿ ಎಂದರೆ, "ತಿರಗತೈತಲ್ಲ, ನಿನಗೇನಾಗೇತಿ?" ಎಂದರು. ಎಂಟು ದಿನಕ್ಕೆ ಹಗ್ಗ ಹರಿದು, ದಡ್ಡಿ ಎಂಬ ಊರಿನ ತವರಿನಿಂದ ನಾನು ತಂದಿದ್ದ ತಾಮ್ರದ ಕೊಡ ಬಾವಿಯ ಪಾಲಾಯಿತು. ಅವರು ಕೊಕ್ಕೆಗಳ ಪಾತಾಳಗರಡಿ ಇಳಿಬಿಟ್ಟು ದಿನವಿಡೀ ಕೆದಕಿದರು. ಅತ್ತೆಯ ಚರಿಗೆ ಬಂತು, ನೆರೆಮನೆಯವರ ಬಕೀಟು ಬಂತು, ಯಾರದೋ ಚಪ್ಪಲಿಯೂ ಬಂತು. ನನ್ನ ಕೊಡ ಮಾತ್ರ ಬರಲಿಲ್ಲ. ಸಂಜೆ ಮೈಯೆಲ್ಲ ಕೆಸರಾಗಿ, ಬಾವಿಕಟ್ಟೆಯ ಮೇಲೆ ನಿಂತು ನನ್ನನ್ನೊಮ್ಮೆ ನೋಡಿದರು. ನಾನು ನಗಲಿಲ್ಲ. ಮೂರು ದಿನ ಮಾತು ಬಿಟ್ಟೆ. ಅವರಿಲ್ಲದ ಈ ವರ್ಷಗಳಲ್ಲಿ ಯೋಚಿಸಿದರೆ ಅನ್ನಿಸುತ್ತದೆ, ಒಂದು ದಿನ ಸಾಕಿತ್ತು.

ಮಿಸ್ತ್ರಿ ಬಿಚ್ಚಿ ಹಿಡಿದಿದ್ದ ಕಾರಿನ ಹಲ್ಲಿನ ಗಾಲಿ ಇಸಿದುಕೊಂಡು ಹೆಬ್ಬೆರಳಾಡಿಸಿದೆ. ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದವು. "ಇದು ನಮ್ಮ ಬಾವಿ ಗಾಲೀನ. ಹೊಸಾ ಚೈನ್ ತಿಂದ್ಹಾಕತೈತಿ" ಎಂದೆ. "ಖರೆ ಐತ್ರಿ ಆಯೀ" ಎಂದ ಮಿಸ್ತ್ರಿ. ಚೈನು, ಎರಡೂ ಗಾಲಿಗಳು, ಚೈನನ್ನು ಒತ್ತಿ ಬಿಗಿಯಾಗಿಡುವ ಟೆನ್ಷನರು, ಚೈನು ಜಾರಿ ಓಡುವ ಪಟ್ಟಿಗಳು, ಎಲ್ಲವನ್ನೂ ಒಟ್ಟಿಗೇ ಬದಲಿಸಬೇಕೆಂದು ತೀರ್ಮಾನವಾಯಿತು.

ಬಾಜೂ ಅಂಗಡಿಯವನು ಚೈನಿನ ಎರಡು ಡಬ್ಬಿ ಮುಂದಿಟ್ಟ. ಒಂದು ಮದುವೆಮನೆಯಂತೆ ಮಿನುಗುತ್ತಿತ್ತು, ಮೇಲೆ ತಯಾರಿಸಿದವರ ಹೆಸರಿಲ್ಲ, ನಂಬರಿಲ್ಲ. ಇನ್ನೊಂದು ಸಪ್ಪೆ ಡಬ್ಬಿ, ಆದರೆ ನಂಬರಿತ್ತು. ಮೂರನೆಯ ಇಯತ್ತೆಗೆ ಸಾಲೆ ಬಿಟ್ಟವಳು ನಾನು. ಅಕ್ಷರಕ್ಕಿಂತ ಅಂಕಿಯ ಜೊತೆಗೆ ನನಗೆ ಸ್ನೇಹ ಹೆಚ್ಚು. ಮಿಸ್ತ್ರಿ ಬರೆದುಕೊಟ್ಟ ನಂಬರನ್ನು ಬೆರಳಿಟ್ಟು ಒಂದೊಂದಾಗಿ ತಾಳೆ ನೋಡಿದೆ. ಹಳೆಯ ಚೈನನ್ನೂ ಹೊಸದನ್ನೂ ಒಂದರ ಪಕ್ಕ ಒಂದಿಟ್ಟು ಕೊಂಡಿ ಎಣಿಸಿದೆ.

"ಆಯೀ, ಚೈನ್ ತಗೋಳಾಕ ಬಂದೀರೋ, ಸೊಸಿ ನೋಡಾಕ ಬಂದೀರೋ?" ಎಂದ ಅಂಗಡಿಯವ.

"ಸೊಸಿ ನೋಡಾಕ ಇಷ್ಟೊತ್ತ ಹಿಡಿದಿದ್ದಿಲ್ಲೋ ತಮ್ಮಾ!"

ಸಪ್ಪೆ ಡಬ್ಬಿಯ ಚೈನೇ ಕಾರಿಗೇರಿತು. ಕುಬಸದ ಹಸಿರು ಸೀರೆಯಲ್ಲಿ ಹುಕ್ಕೇರಿಯಿಂದ ಹೊರಟ ಗೌರಿ, ಘಟಪ್ರಭಾ ಊರು ದಾಟುವಷ್ಟರಲ್ಲಿ ನನ್ನ ಹೆಗಲ ಮೇಲೆ ನಿದ್ದೆ ಹೋದಳು. ಮೂಡಲಗಿ ಬಂದರೂ ಏಳಲಿಲ್ಲ. ಮಲ್ಲಪ್ಪ ಕನ್ನಡಿಯಲ್ಲಿ ನನ್ನನ್ನೊಮ್ಮೆ ನೋಡಿದ. ಬಾವಿಕಟ್ಟೆಯ ಮೇಲಿಂದ ಅವನಪ್ಪ ನೋಡಿದಂಥದೇ ನೋಟ. ಈ ಸಲ ನಕ್ಕುಬಿಟ್ಟೆ.

ಈಗ ಮುಂಜಾನೆ ಕಾರು ಸದ್ದಿಲ್ಲದೆ ಏಳುತ್ತದೆ. ಅಂಗಳದಲ್ಲಿ ಕೇಳುವುದು ನನ್ನ ಮೊಣಕಾಲಿನ ಸದ್ದೊಂದೇ. "ಡಾಕ್ಟರ ಕಡೆ ಹೋಗೂಣೇನವ್ವಾ?" ಎಂದು ಮಗ ಕೇಳುತ್ತಾನೆ.

"ಬಿಸಿ ಆದಮ್ಯಾಲೆ ಸುಮ್ಮನಾಗತೈತಿ ಬಿಡೋ" ಎನ್ನುತ್ತೇನೆ.